ಕಾಲ್ಮರಿಯ ಋಣ

2025ರ ಜೂನ್ 22ರಂದು ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿ ಮರುವರ್ಷದ ಬೇಸಿಗೆಗೆಂದು ಗಂಡಸರ ಉಡುಪುಗಳ ಪ್ರದರ್ಶನ ನಡೆಸಿತು. ರೂಪದರ್ಶಿಗಳ ಕಾಲಲ್ಲಿ ಇದ್ದದ್ದೇನು ಎಂದು ಕೊಲ್ಹಾಪುರದಲ್ಲಾಗಲಿ ಅದೇ ಜಿಲ್ಲೆಯ ಗಡಹಿಂಗ್ಲಜದಲ್ಲಾಗಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಉಂಗುಟ ತೂರಿಸುವ ಬಳೆ, ಪಾದದ ಮೇಲೆ ಅಡ್ಡ ಹಾಯ್ದ ಹೆಣಿಕೆಯ ಪಟ್ಟಿ, ಹಿಮ್ಮಡಿ ಎತ್ತರವಿಲ್ಲದ ಚಪ್ಪಟೆ ತಳ. ಕಂಪನಿ ಮಾತ್ರ ಅದನ್ನು ಬರಿಯ ಚರ್ಮದ ಸ್ಯಾಂಡಲ್ ಎಂದು ಕರೆದು ಸುಮ್ಮನಾಗಿತ್ತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆದ ಮೇಲೆ, ಈ ಪಾದರಕ್ಷೆಯ ಸ್ಫೂರ್ತಿ ಭಾರತದ ಪಾರಂಪರಿಕ ಕಸುಬಿನದು ಎಂದು ಪ್ರಾಡಾ ಒಪ್ಪಿಕೊಂಡಿತು. ಜುಲೈಯಲ್ಲಿ ಅದರ ತಂಡ ಕೊಲ್ಹಾಪುರಕ್ಕೆ ಬಂದುಹೋಯಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್‌ಕರ್ ಚರ್ಮ ನಿಗಮಗಳ ಜೊತೆ ಒಡಂಬಡಿಕೆಯಾಯಿತು. ಎರಡು ರಾಜ್ಯಗಳ ಕುಶಲಕರ್ಮಿಗಳಿಂದ 2,000 ಜೋಡಿ ಮಾಡಿಸಿ, ಜೋಡಿಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಕಂಪನಿ ಘೋಷಿಸಿತು. ಮೊದಲು ಕಳ್ಳತನ ಎಂದು ಕೂಗಿದವರೇ ಆಮೇಲೆ ಗೆದ್ದೆವು ಎಂದರು. ಈ ಎರಡು ಮಾತುಗಳ ನಡುವೆ ಒಂದು ಪ್ರಶ್ನೆ ಕೇಳದೆ ಉಳಿದುಬಿಟ್ಟಿತು. ಒಬ್ಬರ ತಿಳಿವಳಿಕೆ ಇನ್ನೊಬ್ಬರ ಕೈಗೆ ಹೋಗುವಾಗ ಯಾರನ್ನು ಕೇಳಬೇಕು, ಯಾರ ಹೆಸರು ಹೇಳಬೇಕು?

ತಿಳಿವಳಿಕೆ ಎಂದೆವು. ಚಪ್ಪಲಿಯಲ್ಲಿ ಎಂಥ ತಿಳಿವಳಿಕೆ ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಹಾಕಿ ಕೂದಲು ಕೀಳಬೇಕು. ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರು ನೀರಿನಲ್ಲಿ ಹದ ಮಾಡಬೇಕು. ಹಳೆಯ ಕ್ರಮದಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ಆ ನೀರು ತುಂಬಿ, ಅದು ಜಿನುಗುತ್ತ ಜಿನುಗುತ್ತ ಚರ್ಮದ ಎಳೆ ಎಳೆಗೂ ಇಳಿಯುವಂತೆ ನೋಡಿಕೊಳ್ಳುತ್ತಿದ್ದರು. ಇದು ದಿನಗಳ ಲೆಕ್ಕದ ಕೆಲಸವಲ್ಲ, ವಾರಗಳ ಲೆಕ್ಕದ್ದು. ನೀರು ಎಷ್ಟು ಒಗರಾಗಬೇಕು, ಮಳೆಗಾಲದಲ್ಲಿ ಎಷ್ಟು ಕಾಯಬೇಕು ಎಂಬುದೆಲ್ಲ ಮೂಗಿಗೂ ಬೆರಳಿಗೂ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ. ಪಾರಂಪರಿಕ ಜೋಡಿನಲ್ಲಿ ಮೊಳೆಯಿಲ್ಲ. ತಳದ ಪದರಗಳನ್ನು ಚರ್ಮದ ದಾರದಿಂದಲೇ ಹೊಲಿಯುತ್ತಾರೆ. ರಂಪಿಗೆ ಹಿಡಿದು ತಳ ಕೊಯ್ಯುವುದು ಹೆಚ್ಚಾಗಿ ಗಂಡಸರ ಕೆಲಸ, ಜಡೆ ಹೆಣೆಯುವುದು, ಗೊಂಡೆ ಕಟ್ಟುವುದು ಹೆಂಗಸರದ್ದು. ಇನ್ನು ಮಾದರಿಗಳಿಗೆ ಇರುವುದು ಊರಿನ ಹೆಸರುಗಳು. ಗಡಹಿಂಗ್ಲಜದ ಮಗ್ಗುಲಿನ ಸೇನಾಪತಿ ಕಾಪಶಿಯದ್ದು ಕಾಪಶಿ, ಶಿರೋಳ ತಾಲೂಕಿನದು ಕುರುಂದವಾಡಿ, ಗಡಿಯಾಚೆಯದು ಅಥಣಿ. ಅಂದರೆ ಈ ಕಸುಬಿನವರು ತಮ್ಮ ವಿದ್ಯೆಗೆ ಗುರುತಿನ ಚೀಟಿಯನ್ನು ಕಾನೂನು ಹುಟ್ಟುವುದಕ್ಕೆ ಬಹಳ ಮೊದಲೇ ಅಂಟಿಸಿಕೊಂಡಿದ್ದರು.

ಕಾನೂನು ಆಮೇಲೆ ಬಂತು. 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯ ಅಡಿಯಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಿದ್ದು 2018ರ ಡಿಸೆಂಬರಿನಲ್ಲಿ. ಅದಕ್ಕೆ ಒಟ್ಟಾಗಿ ಒಡೆಯರಾದವರು ಈ ಎರಡೇ ನಿಗಮಗಳು. ವ್ಯಾಪ್ತಿ ಎಂಟು ಜಿಲ್ಲೆಗಳದು: ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಅತ್ತ; ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇತ್ತ. ಗಡಿಯ ತಗಾದೆಯನ್ನು 2004ರಿಂದ ಸುಪ್ರೀಂ ಕೋರ್ಟಿನ ಕಟ್ಟೆಯ ಮೇಲೆ ಇಟ್ಟುಕೊಂಡಿರುವ ಎರಡು ಸರ್ಕಾರಗಳು ಒಂದು ಕಾಲ್ಮರಿಯ ಮಟ್ಟಿಗೆ ಒಂದೇ ನಕಾಶೆಗೆ ಸಹಿ ಹಾಕಿದವು ಎಂಬುದು ಸಣ್ಣ ಸಂಗತಿಯಲ್ಲ. ಹಿರಣ್ಯಕೇಶಿ ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆ ಹರಿಯುವಾಗ ಯಾರನ್ನೂ ಕೇಳುವುದಿಲ್ಲ. ಹದ ಮಾಡುವ ವಿದ್ಯೆಯೂ ಹಾಗೆಯೇ ಹರಿದದ್ದು. ಆದರೆ ಈ ಕಾಯ್ದೆ ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಕೊಲ್ಹಾಪುರಿ ಎನ್ನದೆ ಅದೇ ಬಗೆಯ ಚಪ್ಪಲಿ ಮಾರಿದವರನ್ನು ಅದು ಸುಲಭಕ್ಕೆ ಹಿಡಿಯಲಾರದು. ವಿಚಿತ್ರ ನೋಡಿ, ಹೆಸರು ಹೇಳಿದರೆ ತಪ್ಪು, ಹೇಳದಿದ್ದರೆ ಪಾರು. ಪ್ರಾಡಾ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಮುಂಬೈ ಹೈಕೋರ್ಟ್ 2025ರ ಜುಲೈ 16ರಂದು ತಳ್ಳಿಹಾಕಿತು. ಕೇಳುವ ಹಕ್ಕು ಟ್ಯಾಗಿನ ಒಡೆಯರದ್ದು, ಅರ್ಜಿ ತಂದ ವಕೀಲರದ್ದಲ್ಲ ಎಂಬುದು ಅದರ ನಿಲುವು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಕಾನೂನು ಮುಗಿದ ಜಾಗದಲ್ಲಿ ತಪ್ಪೂ ಮುಗಿಯಿತು ಎನ್ನುವಂತಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ ಮೆಕ್ಸಿಕೋದಲ್ಲಿ ಇದಕ್ಕೆ ಜೋಡಿಯಾದ ಇನ್ನೊಂದು ಪ್ರಸಂಗ ನಡೆಯಿತು, ಅದೂ ಪಾದರಕ್ಷೆಯದೇ. ಒವಾಹಾಕಾ ಪ್ರಾಂತದ ವಿಲ್ಲಾ ಹಿಡಾಲ್ಗೊ ಯಲಾಲಗ್ ಎಂಬ ಊರಿನ ಮೂಲನಿವಾಸಿಗಳು ಹೆಣೆಯುವ ಚಪ್ಪಲಿಯನ್ನು ಹೋಲುವ ಮಾದರಿಯೊಂದನ್ನು ಅಡಿಡಾಸ್ ಹೊರತಂದಿತ್ತು. ವಿರೋಧ ಎದ್ದಿತು. ಕಂಪನಿಯ ಪ್ರತಿನಿಧಿ ಆ ಬೆಟ್ಟದ ಊರಿಗೇ ಹೋಗಿ, ಜನರ ಎದುರು ನಿಂತು ಕ್ಷಮೆ ಕೇಳಬೇಕಾಯಿತು. ಮೂಲನಿವಾಸಿ ಸಮುದಾಯಗಳ ಸಾಂಸ್ಕೃತಿಕ ಆಸ್ತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬಾರದೆಂಬ ಕಾನೂನನ್ನು ಮೆಕ್ಸಿಕೋ 2022ರಲ್ಲೇ ತಂದಿದೆ. ಅಲ್ಲಿ ಕ್ಷಮೆ ಊರಿಗೆ ಬಂತು, ನಮ್ಮಲ್ಲಿ ಪತ್ರ ವಾಣಿಜ್ಯ ಮಂಡಳಿಗೆ ಬಂತು. ಈ ವ್ಯತ್ಯಾಸ ನಮಗೆ ಮುಖ್ಯವಾಗಿ ತೋರುತ್ತದೆ.

ಒಪ್ಪಿಗೆ ಕೇಳಬೇಕು, ಹೆಸರು ಹೇಳಬೇಕು ಎಂಬ ಮಾತಿಗೆ ಬರುವ ಆಕ್ಷೇಪ ಬಲವಾದದ್ದೇ. ಕೊಳ್ಳುಕೊಡುಗೆಯಿಲ್ಲದೆ ಸಂಸ್ಕೃತಿ ಎಲ್ಲಿ ಬೆಳೆದಿದೆ, ಉಂಗುಟದ ಚಪ್ಪಲಿಯನ್ನು ಲೋಕದಲ್ಲಿ ಇನ್ನಾರೂ ಮೆಟ್ಟಿಲ್ಲವೆ, ಎಲ್ಲದಕ್ಕೂ ಬೇಲಿ ಹಾಕಿದರೆ ವಿದ್ಯೆ ಒಣಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಅವರು ನಮ್ಮ ಪಕ್ಕದ ಇಚಲಕರಂಜಿಯನ್ನೇ ತೋರಿಸಬಹುದು. 1904ರಲ್ಲಿ ವಿಠ್ಠಲರಾವ್ ದಾತಾರ್ ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಮರಾಠಿ, ಕನ್ನಡ ಮಾತಾಡುವ ನೇಕಾರರು ಆ ಪರದೇಶಿ ಯಂತ್ರದ ಒಳಗುಟ್ಟು ಕಲಿತು, ತಾವೇ ರಿಪೇರಿ ಮಾಡಿ, ಊರನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿದರು. ಅಂದು ಯಾರಾದರೂ ಕಲಿಕೆಗೆ ಬೇಲಿ ಹಾಕಿದ್ದರೆ ಇಚಲಕರಂಜಿ ಎಲ್ಲಿರುತ್ತಿತ್ತು? ಮಾತು ನಿಜ. ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಮಗ್ಗ ಬಂದಾಗ ಅದಕ್ಕೆ ಬೆಲೆ ಕೊಡಬೇಕಿತ್ತು, ಮಾಡಿದ ಕಂಪನಿಯ ಹೆಸರು ಎರಕದಲ್ಲೇ ಎದ್ದು ಕಾಣುತ್ತಿತ್ತು. ಬಲಶಾಲಿಯ ವಿದ್ಯೆ ದುರ್ಬಲನಿಗೆ ಬರುವಾಗ ರಸೀದಿಯ ಸಮೇತ ಬರುತ್ತದೆ. ದುರ್ಬಲನ ವಿದ್ಯೆ ಬಲಶಾಲಿಗೆ ಹೋಗುವಾಗ ಮಾತ್ರ ಅದು ಯಾರದ್ದೂ ಅಲ್ಲದ ಜಾನಪದ ಆಗಿಬಿಡುತ್ತದೆ. ಮಗ್ಗದ ಲೋಕಕ್ಕೂ ಇದು ಗೊತ್ತಿದ್ದ ಕಾರಣಕ್ಕೇ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದು ಮೀಸಲಿಟ್ಟು ಸಂಸತ್ತು 1985ರಲ್ಲಿ ಕಾಯ್ದೆ ಮಾಡಿತು. ವಿದ್ಯುತ್ ಮಗ್ಗ ಕೈಮಗ್ಗದ ಸೀರೆಯನ್ನು ನಕಲು ಮಾಡುವಾಗ ನಾವು ಸುಮ್ಮನಿದ್ದು, ಮಿಲಾನ್ ನಕಲು ಮಾಡಿದಾಗಷ್ಟೇ ರೊಚ್ಚಿಗೇಳುವುದು ನ್ಯಾಯದ ಮಾತಾಗದು.

ಹಾಗೆ ನೋಡಿದರೆ ಲೆಕ್ಕ ಮನೆಯಿಂದಲೇ ಶುರುವಾಗಬೇಕು. ಅಥಣಿ, ನಿಪ್ಪಾಣಿ, ಮದಭಾವಿಗಳ ಸಮಗಾರರು ಮಾಡಿದ ಜೋಡುಗಳು ತಲೆಮಾರುಗಳಿಂದ ಕೊಲ್ಹಾಪುರದ ಪೇಟೆಗೆ ಹೋಗಿ, ಅಲ್ಲಿಂದ ಕೊಲ್ಹಾಪುರಿಯಾಗಿ ಲೋಕಕ್ಕೆ ಹೋಗಿವೆ. ಪೇಟೆಯ ಹೆಸರು ಮಾಲಿಗೆ ಬರುವುದು ಸಹಜ, ಅದನ್ನು ದೂರುವುದಿಲ್ಲ. ಆದರೂ ಕನ್ನಡ ಮಾತಾಡುವ ಕೈಯೊಂದು ಆ ಹೆಸರಿನ ಕೆಳಗೆ ಕಾಣದಂತಾಯಿತು ಎಂಬುದನ್ನು ಒಪ್ಪಬೇಕು. ಅದಕ್ಕಿಂತ ಆಳದ್ದು ಜಾತಿಯ ಲೆಕ್ಕ. ತೊಗಲು ಹದ ಮಾಡುವ ಡೋಹರರು, ಹೊಲಿಯುವ ಸಮಗಾರರು, ಚಮ್ಮಾರರು ಮಾಡಿದ ಮೆಟ್ಟನ್ನು ಊರೆಲ್ಲ ಮೆಟ್ಟಿತು. ಮಾಡಿದವರು ಊರ ಹೊರಗೇ ಉಳಿದರು. ಹನ್ನೆರಡನೆಯ ಶತಮಾನದ ಕಲ್ಯಾಣ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಎಂದು ಕಸುಬನ್ನೂ ಸೇರಿಸಿಯೇ ಅವರ ಹೆಸರು ಹಿಡಿದು ಕರೆಯಿತು, ಮಗನಿಗೆ ಜಾತಿ ಮೀರಿದ ಮದುವೆ ಮಾಡಿದ್ದಕ್ಕಾಗಿ ಹರಳಯ್ಯ ಪ್ರಾಣವನ್ನೇ ತೆರಬೇಕಾಯಿತು ಎಂದು ನಮ್ಮ ಪರಂಪರೆ ಹೇಳುತ್ತದೆ. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. 1920ರಲ್ಲಿ ಮಾಣಗಾವದ ಪರಿಷತ್ತಿನಲ್ಲಿ ಅಂಬೇಡ್ಕರರ ಜೊತೆ ವೇದಿಕೆ ಹಂಚಿಕೊಂಡರು. ಇಷ್ಟೆಲ್ಲ ನಡೆದ ನೆಲದಲ್ಲಿಯೂ, 2025ರ ಗದ್ದಲದಲ್ಲಿ ನಮ್ಮ ಪರಂಪರೆ, ನಮ್ಮ ಅಸ್ಮಿತೆ ಎಂದು ಮಾತಾಡಿದವರಲ್ಲಿ ರಂಪಿಗೆ ಹಿಡಿದವರ ದನಿ ಎಷ್ಟು ಕೇಳಿಸಿತು? ಕಾಯ್ದೆಯ ಭಾಷೆಯನ್ನೇ ನೋಡಿ. ಅದರಲ್ಲಿ ನಿಗಮ ಒಡೆಯ. ಚಪ್ಪಲಿ ಮಾಡುವವನು ಅರ್ಜಿ ಹಾಕಿಕೊಂಡರೆ ಅಧಿಕೃತ ಬಳಕೆದಾರ. ತಾನೇ ಹುಟ್ಟಿಸಿದ ವಿದ್ಯೆಗೆ ಬಳಕೆದಾರ!

ಜಾತಿಯ ಮಾತನ್ನು ಈಗ ಎತ್ತಿದರೆ ಹೊರಗಿನ ಕಂಪನಿಯ ಎದುರು ನಮ್ಮ ಕೈ ಸೋಲುತ್ತದೆ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಪ್ರಾಡಾಕ್ಕೆ ಕೇಳುವ ಪ್ರಶ್ನೆಯನ್ನೇ ನಮಗೆ ನಾವು ಕೇಳಿಕೊಂಡಿದ್ದರೆ, ಆ ಪ್ರಶ್ನೆ ದೇಶಾಭಿಮಾನದ ಸೊಲ್ಲಾಗದೆ ನ್ಯಾಯದ ಸೊಲ್ಲಾಗಿ ಹೆಚ್ಚು ಗಟ್ಟಿಯಾಗುತ್ತಿತ್ತು. ಇನ್ನು ಕೆಲವರು, ಇಷ್ಟು ಯಾಕೆ ಕೊಂಕು, ಲೋಕದ ಮಾರುಕಟ್ಟೆಯೇ ಮನೆಬಾಗಿಲಿಗೆ ಬಂದಿದೆಯಲ್ಲ ಎನ್ನುತ್ತಾರೆ. ಬಂದದ್ದು ಒಳ್ಳೆಯದೇ. ತರಬೇತಿ ಕೊಡುವ, ಕೆಲವರನ್ನು ಇಟಲಿಗೆ ಕರೆದೊಯ್ಯುವ ಮಾತೂ ಒಪ್ಪಂದದಲ್ಲಿದೆ. ಆದರೆ 2,000 ಜೋಡಿ ಎಂಟು ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ 250. ನಮ್ಮ ಪೇಟೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ ಜೋಡು ಅಲ್ಲಿ 80 ಸಾವಿರ ದಾಟುವಾಗ, ನಡುವಿನ ಮೊತ್ತದಲ್ಲಿ ಹೊಲಿದವರ ಪಾಲು ಎಷ್ಟು ಎಂಬುದು ಒಪ್ಪಂದದ ನಿಜವಾದ ಒರೆಗಲ್ಲು. ಕಸುಬನ್ನು ನಿಜಕ್ಕೂ ಹಿಂಡುತ್ತಿರುವ ಸಂಗತಿಗಳೂ ಬೇರೆ ಇವೆ. ಮಹಾರಾಷ್ಟ್ರದ 2015ರ, ಕರ್ನಾಟಕದ 2020ರ ಜಾನುವಾರು ವಧೆ ನಿಷೇಧ ಕಾನೂನುಗಳು ಬಂದ ಮೇಲೆ ತೊಗಲು ಸಿಗುವುದೇ ಕಷ್ಟವಾಗಿದೆ; ಹದ ಮಾಡಿದ ಚರ್ಮ ತಮಿಳುನಾಡಿನಿಂದಲೂ ಬರುತ್ತಿದೆ. ಹದ ಮಾಡುವ ಕೈಗಳೇ ಇಲ್ಲವಾದರೆ ಟ್ಯಾಗ್ ಇಟ್ಟುಕೊಂಡು ಮಾಡುವುದೇನು?

ಹಂಚಿಕೊಳ್ಳುವುದೆಂದರೆ ಹೇಗಿರಬಹುದೆಂದು ತಿಳಿಯಲು ಮಿಲಾನಿನವರೆಗೆ ಹೋಗಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಥಣಿಯಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳು ಕಟ್ಟಿಕೊಂಡಾಗ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವು ದೊರೆಯಿತು; ಅಳತೆ, ಅಚ್ಚುಗಳ ಶಾಸ್ತ್ರ ಅಲ್ಲಿಂದ ಬಂತು, ಹೆಣಿಕೆಯ ವಿದ್ಯೆ ಇವರದ್ದಾಗಿಯೇ ಉಳಿಯಿತು. ಟೋಹೋಲ್ಡ್ ಎಂಬ ಹೆಸರಿನಲ್ಲಿ ಅವರ ಮಾಲು ಪರದೇಶಕ್ಕೂ ಹೋಯಿತು. ಕೊಟ್ಟವರಿಗೂ ಪಡೆದವರಿಗೂ ಪರಸ್ಪರರ ಮುಖ ಗೊತ್ತಿತ್ತು.

2025ರಲ್ಲಿ ಲಿಡ್‌ಕಾಮ್ ಅಸಲಿ ಕೊಲ್ಹಾಪುರಿ ಜೋಡುಗಳಿಗೆ ಕ್ಯೂಆರ್ ಕೋಡ್ ಅಂಟಿಸಲು ಹೊರಟಿತು. ಮೊಬೈಲ್ ಹಿಡಿದರೆ ಮಾಡಿದವರ ಹೆಸರು, ಊರು, ಬಳಸಿದ ಚರ್ಮ ಎಲ್ಲ ಕಾಣಬೇಕೆಂಬುದು ಯೋಜನೆ. ಕಾಪಶಿಯದ್ದಾದರೆ ಕಾಪಶಿ, ಮದಭಾವಿಯದ್ದಾದರೆ ಮದಭಾವಿ ಎಂದೇ ಅದರಲ್ಲಿ ಇರಲಿ. ತಳ ಕೊಯ್ದವನ ಹೆಸರಿನ ಪಕ್ಕದಲ್ಲಿ ಜಡೆ ಹೆಣೆದವಳ ಹೆಸರಿಗೂ ಒಂದು ಸಾಲು ಬಿಟ್ಟಿದ್ದಾರೆಯೇ ಎಂದು ನೋಡಬೇಕು.