ನೆಂಟರಿಗೆ ಬರೀ ದೋಸೆ ತಿನ್ನಿಸಿ ಕಳಿಸಬಾರದು



ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎಂಬ ಗಾದೆ ಇದೆ. ನಮ್ಮ ಕಥೆಯೂ ಹಾಗೇ ಇದೆ. ಬೆಂಗಳೂರಿಂದ, ಹುಬ್ಬಳ್ಳಿಯಿಂದ ನೆಂಟರು ಬಂದ್ರೆ ನಾವು ಏನು ಮಾಡ್ತೀವಿ? ದಾವಣಗೆರೆಗೆ ಕರ್ಕೊಂಡು ಹೋಗಿ ಬೆಣ್ಣೆದೋಸೆ ತಿನ್ನಿಸ್ತೀವಿ. ಗಾಜಿನ ಮನೆ ತೋರಿಸ್ತೀವಿ. ಹರಿಹರದಲ್ಲಿ ದೇವರಿಗೆ ಕೈ ಮುಗಿಸಿ ಬಸ್ ಹತ್ತಿಸ್ತೀವಿ. ಅವರು "ನಿಮ್ಮ ಕಡೆ ಇಷ್ಟೇನಾ ಇರೋದು?" ಅಂದ್ರೆ ಉತ್ತರ ಇರುವುದಿಲ್ಲ. ತೋರಿಸುವ ಕ್ರಮವನ್ನೇ ಬದಲಾಯಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಹರಿಹರಕ್ಕೆ ಕರೆದುಕೊಂಡು ಹೋಗಬೇಕು. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದನು. ಅಂದರೆ 800 ವರ್ಷ ದಾಟಿದೆ. ಒಂದೇ ಮೂರ್ತಿಯಲ್ಲಿ ಬಲಗಡೆ ಶಿವ, ಎಡಗಡೆ ವಿಷ್ಣು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮಂಟಪದ ಕಂಬಗಳನ್ನು ಎಷ್ಟು ಜನ ನಿಂತು ನೋಡಿದ್ದೀರಿ? ಲೇತ್ ಮಿಷನ್ನಿಗೆ ಕೊಟ್ಟು ತಿರುವಿದ ಹಾಗೆ ನುಣ್ಣಗೆ ಇವೆ. ಇಲ್ಲಿ ಒಂದು ಆಶ್ಚರ್ಯ ನೋಡಿ. ಅದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಲೇತ್‌ಗಳನ್ನೇ ತಯಾರಿಸಿತು. ಈಗ ಆ ಕಾರ್ಖಾನೆ ಮುಚ್ಚಿದೆ. ಕಲ್ಲು ತಿರುವಿದ ಊರೇ ಕಬ್ಬಿಣ ತಿರುವುವ ಯಂತ್ರವನ್ನೂ ಮಾಡಿತು ಅಂತ ಹೇಳಿದ್ರೆ ನೆಂಟರು ಕಂಬವನ್ನು ಇನ್ನೊಂದು ಸಲ ಮುಟ್ಟಿ ನೋಡ್ತಾರೆ.

ಆಮೇಲೆ ತುಂಗಭದ್ರೆಯ ದಡಕ್ಕೆ ಹೋಗಬೇಕು. ತುಂಗೆ, ಭದ್ರೆ ಎರಡೂ ಕೂಡಲಿಯಲ್ಲಿ ಸೇರಿ ಇಲ್ಲಿಗೆ ಬರುತ್ತವೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ನಾಲೆ ನೀರು ಬರುವುದರಿಂದಲೇ ದಾವಣಗೆರೆ, ಹರಿಹರ ತಾಲ್ಲೂಕಿನಲ್ಲಿ ಭತ್ತ ಬೆಳೆಯುತ್ತದೆ. ನಾಲೆಗೆ ನೀರು ಬಿಡದಿದ್ದರೆ ನಮ್ಮ ಮನೆಗಳಲ್ಲಿ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹರಿಹರದಿಂದ ಸುಮಾರು 15 ಕಿ.ಮೀ. ಬಂದರೆ ದಾವಣಗೆರೆ. ಅಲ್ಲಿ ಆ ಭತ್ತ ಏನಾಗುತ್ತದೆ ಎಂದು ತೋರಿಸಬೇಕು. ಅದಕ್ಕೆ ಮಂಡಕ್ಕಿ ಭಟ್ಟಿಗೆ ಹೋಗಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸುತ್ತಾರೆ. ಅದಕ್ಕೆ ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಹುರಿಯುತ್ತಾರೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅಕ್ಕಿ ಮಲ್ಲಿಗೆ ಮೊಗ್ಗಿನ ಹಾಗೆ ಉಬ್ಬುತ್ತದೆ. ಮಂಡಕ್ಕಿ ಮೆಣಸಿನಕಾಯಿಗೆ ಬೇಕಾದ್ದೂ ಇದೇ ಮಂಡಕ್ಕಿ, ಬೆಣ್ಣೆದೋಸೆಯ ಹಿಟ್ಟಿಗೆ ರುಬ್ಬಿ ಹಾಕುವುದೂ ಇದೇ ಮಂಡಕ್ಕಿ.

ಆದರೆ ಭಟ್ಟಿಗೆ ಯಾರೂ ನೆಂಟರನ್ನು ಕರೆದುಕೊಂಡು ಹೋಗುವುದಿಲ್ಲ. ನಮ್ಮ ಅತ್ತೆ ದಾವಣಗೆರೆಯಲ್ಲಿ ಭಟ್ಟಿ ಕೆಲಸಕ್ಕೆ ಹೋಗ್ತಾರೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಅಣ್ಣ ಬಂದಾಗ, ಅಲ್ಲಿಗೆ ಹೋಗೋಣ ಅಂದೆ. ದೊಡ್ಡವರು "ಅಲ್ಲೇನೈತಿ ನೋಡಾಕ? ಬರೇ ಹೊಗಿ, ಧೂಳು. ನಮ್ಮ ಮರ್ಯಾದಿ ಹೋಗ್ತೈತಿ" ಅಂದ್ರು. ಅತ್ತೆ ಅಲ್ಲೇ ಕೂತಿದ್ರು. ಏನೂ ಮಾತಾಡಲಿಲ್ಲ.

ನನಗೆ ಈ ಮಾತು ಒಪ್ಪಿಗೆ ಇಲ್ಲ. ಭಟ್ಟಿಯಲ್ಲಿ ಹೊಗೆ ಇರುವುದು ನಿಜ. ನೆಂಟರು ಹತ್ತು ನಿಮಿಷ ಆ ಹೊಗೆ ಕುಡಿದರೆ ಮರ್ಯಾದೆ ಹೋಗುತ್ತದೆ ಎನ್ನುವುದಾದರೆ, ದಿನವೂ ಬೆಳಗಿನಿಂದ ಸಂಜೆಯವರೆಗೆ ಕುಡಿಯುವವರ ಎದೆಯ ಗತಿ ಏನು? ಹೊಗೆ ಕಡಿಮೆ ಮಾಡುವ ಒಳ್ಳೆಯ ಒಲೆ ಬೇಕು. ಹಳೆ ಟೈರ್ ಸುಡುವುದು ಪೂರ್ತಿ ನಿಲ್ಲಬೇಕು. ಯಾರೂ ನೋಡಲು ಬರದ ಜಾಗ ಯಾವತ್ತೂ ರಿಪೇರಿ ಆಗುವುದಿಲ್ಲ. ನಮ್ಮ ಮನೆಯಲ್ಲೇ ನೋಡಿ, ನೆಂಟರು ಬರುತ್ತಾರೆ ಅಂದಾಗಲೇ ಸುಣ್ಣ ಬಳಿಯುತ್ತಾರೆ.

ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಇಂಗ್ಲೆಂಡಿನ ಆ ಊರಿನ ಹಾಗೆ ಇಲ್ಲೂ ಹತ್ತಿ ಗಿರಣಿಗಳಿದ್ದವು. ಒಂದೊಂದಾಗಿ ಮುಚ್ಚಿದವು. ನಮ್ಮ ತಾತನೂ ಒಂದು ಗಿರಣಿಯಲ್ಲಿ ದುಡಿದವರು. ಈಗ ಹೆಸರು ಉಳಿದಿದೆ, ನೂಲು ತೆಗೆಯುವುದು ಹೇಗೆಂದು ನಮಗೆ ತೋರಿಸಲು ಗಿರಣಿ ಇಲ್ಲ. ಭಟ್ಟಿ ಇನ್ನೂ ಇದೆ. ಇರುವಾಗಲೇ ನೋಡಬೇಕು.

ಅಷ್ಟೆಲ್ಲ ಸುತ್ತಲು ಸಮಯ ಎಲ್ಲಿದೆ ಎಂದು ಕೆಲವರು ಕೇಳಬಹುದು. ಬೆಳಿಗ್ಗೆ ಹರಿಹರ, ಮಧ್ಯಾಹ್ನ ಭಟ್ಟಿ, ಸಂಜೆ ದೋಸೆ. ಒಂದೇ ದಿನ ಸಾಕು. ದೋಸೆ ಕೊನೆಗೇ ಇರಲಿ. ಆಗ ತಟ್ಟೆಯಲ್ಲಿ ಹೊಳೆ ನೀರು, ಗದ್ದೆ, ಭಟ್ಟಿ ಎಲ್ಲವೂ ಇದೆ ಎಂದು ತಿನ್ನುವವರಿಗೆ ತಿಳಿಯುತ್ತದೆ.

ಈ ವರ್ಷ ನಮ್ಮ ಶಾಲೆಯ ಒಂದು ದಿನದ ಪ್ರವಾಸವನ್ನೂ ಹೀಗೇ ಮಾಡಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಭಟ್ಟಿಯಲ್ಲಿ ವಿವರಿಸಿ ಹೇಳಲು ನಮ್ಮ ಅತ್ತೆ ಇದ್ದಾರೆ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದುಕೊಡಿ.

— ಏಳನೇ ತರಗತಿಯ ವಿದ್ಯಾರ್ಥಿನಿ