ಮಾತೇ ಮಾನದಂಡವಾಗಲಿ

ಇರುಳೂಟ ಮುಗಿಸಿ ಮನೆಮಂದಿಯೆಲ್ಲ ಒಂದೆಡೆ ಕುಳಿತು ಚಲನಚಿತ್ರವನ್ನು ನೋಡತೊಡಗಿದಾಗ, ತಾಯಿ ಮಗನೊಡನೆ ತಗ್ಗಿದ ದನಿಯಲ್ಲಾಡುವ ಮಾತು ಕೇಳಿಸದೆ ವಾಲ್ಯೂಮನ್ನು ಏರಿಸಿ, ಮರುಗಳಿಗೆಯಲ್ಲೇ ಹೊಡೆದಾಟದ ಅಬ್ಬರಕ್ಕೆ ಒಳಕೋಣೆಯ ಕೂಸು ಎಚ್ಚೆತ್ತೀತೆಂದು ಬೆದರಿ ಇಳಿಸುವ ಪಾಡು ಯಾರಿಗೆ ತಾನೆ ಅಪರಿಚಿತ? ವೃದ್ಧರು ತಮ್ಮ ಕಿವಿಯೇ ಮಂದವಾಯಿತೆಂದು ಕೊರಗುವರು. ಆದರೆ ಎಷ್ಟೋ ವೇಳೆ ದೋಷವಿರುವುದು ಕಿವಿಯಲ್ಲಲ್ಲ, ಚಿತ್ರಮಂದಿರದ ಶಬ್ದವನ್ನು ಮನೆಗೆ ಅಳವಡಿಸುವ ಕ್ರಮದಲ್ಲಿ.

ಚಿತ್ರಮಂದಿರದಲ್ಲಿ ಪರದೆಯ ಹಿಂದಿನ ಒಂದೊಂದು ಸ್ಪೀಕರನ್ನೂ 85 ಡೆಸಿಬೆಲ್ಲಿನ ಪ್ರಮಾಣಕ್ಕೆ ಹೊಂದಿಸುವ ಪದ್ಧತಿಯುಂಟು. ಅದರ ಮೇಲೆ ಇನ್ನೂ 20 ಡೆಸಿಬೆಲ್ ಏರಲು ಅವಕಾಶವಿರುತ್ತದೆ. ನಿಶ್ಶಬ್ದವಾದ ಆ ವಿಶಾಲ ಮಂದಿರದಲ್ಲಿ ಪಿಸುಮಾತೂ ಸಿಡಿಲೂ ತಮ್ಮ ತಮ್ಮ ಸ್ಥಾನವನ್ನು ಪಡೆಯುವುವು. ಫ್ಯಾನು ತಿರುಗುವ, ಬೀದಿಯ ಸದ್ದು ನುಗ್ಗುವ ನಮ್ಮ ನಡುಮನೆಗೆ ಆ ವೈಶಾಲ್ಯವೆಲ್ಲಿಯದು?

ಚಿತ್ರಮಂದಿರದ ಶಬ್ದವನ್ನು ಮನೆಗೆಂದು ಪರಿವರ್ತಿಸುವವರು ಧ್ವನಿಯ ಅತ್ಯುಚ್ಚ ಶಿಖರವನ್ನಷ್ಟೇ ಅಳೆದು, ಅದು ಮಿತಿಯನ್ನು ಮುಟ್ಟುವವರೆಗೆ ಇಡೀ ಟ್ರ್ಯಾಕನ್ನು ಏರಿಸಿದರೆ, ಒಂದೇ ಒಂದು ಸ್ಫೋಟವುಳ್ಳ ಚಿತ್ರದಲ್ಲಿ ಸಂಭಾಷಣೆ ತಳದಲ್ಲಿಯೇ ಉಳಿಯುವುದು; ಮಾತೇ ಪ್ರಧಾನವಾದ ಚಿತ್ರದಲ್ಲಿಯಾದರೋ ಅದು ಅರಚಾಟವಾಗುವುದು. ಹಲವು ಚಾನೆಲುಗಳ ಶಬ್ದವನ್ನು ಎರಡಕ್ಕೆ ಇಳಿಸುವಾಗಲೂ, ಮಾತನ್ನು ಹೊತ್ತ ಮಧ್ಯದ ಚಾನೆಲನ್ನು ಸಾಮಾನ್ಯವಾಗಿ 3 ಡೆಸಿಬೆಲ್ ತಗ್ಗಿಸಿ ಎರಡೂ ಬದಿಗಳಿಗೆ ಹಂಚುವುದರಿಂದ, ಸಂಗೀತ ಮತ್ತು ಕೋಲಾಹಲಗಳ ನಡುವೆ ಅದು ಕಳೆದುಹೋಗದಂತೆ ಜಾಗರೂಕತೆ ವಹಿಸತಕ್ಕದ್ದು.

ಪರಿಹಾರವು ಅಜ್ಞಾತವೇನಲ್ಲ. ಕಿವಿಗೆ ತೋರುವ ಗಟ್ಟಿತನವನ್ನು ಅಳೆಯುವ ವಿಧಾನವನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿಯೇ ಪ್ರಕಟಿಸಿತು; ಅದನ್ನೇ ಆಧರಿಸಿ ಯುರೋಪಿನ ಪ್ರಸಾರ ಒಕ್ಕೂಟವು 2010ರಲ್ಲಿ ಕಾರ್ಯಕ್ರಮದ ಸರಾಸರಿ ಮಟ್ಟವನ್ನು, ಡಿಜಿಟಲ್ ಶಬ್ದದ ಗರಿಷ್ಠ ಮಿತಿಯನ್ನು ಸೊನ್ನೆಯಾಗಿಟ್ಟು ಎಣಿಸಿದಾಗ, ಮೈನಸ್ 23 ಎಂದು ಗೊತ್ತುಮಾಡಿತು. ನೆಟ್‌ಫ್ಲಿಕ್ಸ್ ಒಂದು ಹೆಜ್ಜೆ ಮುಂದೆ ಹೋಗಿ, ಸಂಭಾಷಣೆಯನ್ನೇ ಅಳೆದು ಮೈನಸ್ 27ರ ಆಸುಪಾಸಿನಲ್ಲಿರಿಸಬೇಕೆಂದು ವಿಧಿಸಿದೆ. ಡಾಲ್ಬಿ ಡಿಜಿಟಲ್ ಶಬ್ದದೊಡನೆ ಮಾತಿನ ಮಟ್ಟವನ್ನು ಸೂಚಿಸುವ ಅಂಕೆಯೊಂದು ಸಾಗಿಬರುತ್ತದೆ: ಮೈನಸ್ 27 ಎಂದು ಬರೆದಿದ್ದರೆ ಗ್ರಾಹಕಯಂತ್ರವು ಇಡೀ ಶಬ್ದವನ್ನು 4 ಡೆಸಿಬೆಲ್ ಇಳಿಸಿ, ಎಲ್ಲ ಚಿತ್ರಗಳ ಮಾತನ್ನೂ ಮೈನಸ್ 31ಕ್ಕೆ ಸಮಗೊಳಿಸುವುದು. ಅಳೆಯದೆ ಬರೆದ ಅಂಕೆಯಿಂದ ಈ ಸೌಕರ್ಯವೆಲ್ಲ ನಿಷ್ಫಲ.

ಇದರಿಂದ ನಿರ್ದೇಶಕನ ಕಲಾಭಿಪ್ರಾಯಕ್ಕೆ ಭಂಗ ಬಾರದೆ ಎಂದು ಕೇಳುವವರುಂಟು, ಪ್ರಶ್ನೆ ಯೋಗ್ಯವಾದದ್ದೇ. ಆದರೆ ಇಡೀ ಶಬ್ದವನ್ನು ಒಂದೇ ಪ್ರಮಾಣದಲ್ಲಿ ಏರಿಸಿ ಇಳಿಸುವುದರಿಂದ ಪಿಸುಮಾತಿಗೂ ಸಿಡಿಲಿಗೂ ಇರುವ ಅಂತರ ಕಿಂಚಿತ್ತೂ ಕುಂದದು. ಆ ಅಂತರವನ್ನೇ ಕಿರಿದುಗೊಳಿಸುವ ಸಂಕೋಚನಕ್ರಿಯೆ ಬೇರೆ. ಅದನ್ನು ಮಿತವಾಗಿ, ಧ್ವನಿಶಿಲ್ಪಿಯ ಸಮ್ಮತಿಯೊಡನೆ, ಮನೆಗೆಂದೇ ಸಿದ್ಧಪಡಿಸಿದ ಪ್ರತ್ಯೇಕ ಟ್ರ್ಯಾಕಿನಲ್ಲಿ ಮಾಡುವುದು ಉಚಿತ.

1934ರಲ್ಲಿ ‘ಸತಿ ಸುಲೋಚನ’ ತೆರೆಕಂಡಂದು ಕನ್ನಡದ ತೆರೆಗೆ ಮಾತು ಬಂದಿತು. ಅಂದಿನಿಂದ ನಮ್ಮ ಚಿತ್ರಗಳು ಗಳಿಸಿದ ಸಂಪತ್ತಿನಲ್ಲಿ ಸಂಭಾಷಣೆಯ ಪಾಲು ಅಲ್ಪವಲ್ಲ. ಆ ಮಾತು ಮನೆಯ ಅಜ್ಜಿಗೂ ಅಕ್ಷರಶಃ ಕೇಳಿಸುವಂತಾಗಲು ನಿರ್ಮಾಪಕರೂ ವಾಹಿನಿಗಳೂ ಮೊದಲು ಸಂಭಾಷಣೆಯನ್ನು ಅಳೆದು, ಬಳಿಕವೇ ಚಿತ್ರವನ್ನು ಮನೆಮನೆಗೆ ಕಳುಹಿಸಲಿ.