ಸೆಟ್ಟು ಬೇಡ, ಪಾನಾ ಬೇಕು

ಕಳೆದ ಜುಲೈನಲ್ಲಿ ವಾಶಿಯಲ್ಲಿ ಮದುವೆ ಊಟ ಮುಗಿಸಿ ಡೊಂಬಿವಲಿಗೆ ವಾಪಸಾಗುತ್ತಿದ್ದೆವು. ಶೀಳ್‌ಫಾಟಾ ದಾಟುತ್ತಿದ್ದಂತೆ ನಮ್ಮ ಹಳೆಯ ಆಲ್ಟೊದ ಟೈರು ಪಂಕ್ಚರ್. ರಾತ್ರಿ ಹತ್ತೂವರೆ, ಧೋ ಎಂದು ಮಳೆ, ಹಿಂದಿನ ಸೀಟಿನಲ್ಲಿ ಅಮ್ಮ. ನನಗೆ ಗಾಬರಿಯೇನೂ ಆಗಲಿಲ್ಲ. ಸ್ಟೇಷನ್ ಹೊರಗೆ 600 ರೂಪಾಯಿಗೆ ಕೊಂಡ 40 ತುಂಡುಗಳ ಪಾನಾ ಸೆಟ್ಟು ಡಿಕ್ಕಿಯಲ್ಲಿತ್ತಲ್ಲ! 19ರ ಗೋಟಿ ಹಾಕಿ ಬಲವಾಗಿ ಒತ್ತಿದೆ. ನಟ್ಟು ಅಲುಗಲಿಲ್ಲ, ಗೋಟಿಯೇ ಬಿರಿಯಿತು. ಬೆರಳ ಗೆಣ್ಣು ರಸ್ತೆಗೆ ಬಡಿದು ರಕ್ತ. ಕಾರಿನ ಜೊತೆ ಬಂದಿದ್ದ ಪಾನಾ ಮನೆಯ ಅಟ್ಟದಲ್ಲಿತ್ತು, 'ಇನ್ನೇಕೆ' ಎಂದು ನಾನೇ ತೆಗೆದಿಟ್ಟಿದ್ದೆ. ಒಬ್ಬ ಟೆಂಪೋದವನು ನಿಲ್ಲಿಸಿ ಕೈಕೊಡುವವರೆಗೆ ಮುಕ್ಕಾಲು ಗಂಟೆ ಅಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಮ್ಮ ಕೆಳಮಹಡಿಯ ಕಾಕಾ ಬೆಳಗಾವಿ ಕಡೆಯವರು. ಪ್ಯೂಜೋ 309 ತಯಾರಾಗುತ್ತಿದ್ದ ಕಾಲದಲ್ಲಿ ಪ್ರೀಮಿಯರ್ ಕಂಪನಿಯ ಕಲ್ಯಾಣ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಬಿರಿದ ಗೋಟಿ ನೋಡಿ ನಕ್ಕರು.

"ಇದು ಪಾನಾ ಅಲ್ಲೋ ತಮ್ಮಾ, ಬಿಸ್ಕೀಟು. ನಿನ್ನ ಗಾಡಿಗೆ ಯಾವ್ಯಾವ ನಂಬರ್ ಬೇಕು, ಎಂದರ ಎಣಿಸಿ ನೋಡೀಯೇನು?"

ಎಣಿಸಿದೆ. ಸುಜುಕಿ ಜಪಾನಿನದು, ಅಲ್ಲಿಯ ಗಾಡಿಗಳಲ್ಲಿ ಹೆಚ್ಚಿನ ಕೆಲಸ 10, 12, 14, 17, 19ರಲ್ಲೇ ಮುಗಿಯುತ್ತದೆ. ಬ್ಯಾಟರಿ ಟರ್ಮಿನಲ್‌ಗೆ 10, ಚಕ್ರಕ್ಕೆ 19. (ಫೋಕ್ಸ್‌ವ್ಯಾಗನ್‌ನಂಥ ಯುರೋಪಿನ ಗಾಡಿ ಇದ್ದವರಿಗೆ 13 ಬೇಕು, ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ಟುಗಳೂ ಬೇಕು.) ಅಂದರೆ ನನ್ನ 40 ತುಂಡುಗಳಲ್ಲಿ ಮೂವತ್ತಕ್ಕೆ ಕೆಲಸವೇ ಇರಲಿಲ್ಲ. ಆ ಹಣವನ್ನು ಐದು ಒಳ್ಳೆಯ ಪಾನಾಗಳ ಮೇಲೆ ಹಾಕಬಹುದಿತ್ತು.

ಹಾಗಾಗಿ ಶನಿವಾರ ಸ್ಲೋ ಲೋಕಲ್ ಹಿಡಿದು ಮಸ್‌ಜಿದ್ ಸ್ಟೇಷನ್ನಿನಲ್ಲಿಳಿದು ನಾಗದೇವಿ ಸ್ಟ್ರೀಟಿಗೆ ಹೋದೆವು. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ, ಭಾನುವಾರ ಹೋದರೆ ಮುಚ್ಚಿದ ಶಟರ್ ನೋಡಿ ಬರಬೇಕು. ಅಲ್ಲಿ 'ಎಷ್ಟು' ಅಂತ ಕೇಳಬಾರದು, 'ಎಂಆರ್‌ಪಿ ಮೇಲೆ ಎಷ್ಟು ಬಿಡ್ತೀರಿ' ಅಂತ ಕೇಳಬೇಕು. ನಾಶಿಕ್‌ನಲ್ಲಿ ಕಾರ್ಖಾನೆ ಇರುವ ಟಪಾರಿಯಾ, ಜಲಂಧರ್ ಮತ್ತು ಲುಧಿಯಾನಾದ ಕಂಪನಿಗಳ ಮಾಲು, ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತದೆ. ಹೆಸರಾದ ಮಾಲಿಗೆ ನಕಲಿಯೂ ಇದೆ. ಪಕ್ಕಾ ಬಿಲ್ ಕೊಡದ ಅಂಗಡಿಯಿಂದ ಕಾಕಾ ಎದ್ದು ಬಂದರು. ಗೋಟಿಯ ಒಳಗೆ ಹನ್ನೆರಡು ಮೂಲೆಯದಲ್ಲ, ಆರು ಮೂಲೆಯದನ್ನೇ ಆರಿಸಿದರು. ಅದು ನಟ್ಟಿನ ಮೂಲೆಯನ್ನಲ್ಲ, ಬದಿಯನ್ನು ಹಿಡಿಯುತ್ತದೆ. ತುಕ್ಕು ಹಿಡಿದ ನಟ್ಟು ಉರುಟಾಗುವುದು ಕಡಿಮೆ. ನಮ್ಮ ಕಡಲ ಹವೆಯಲ್ಲಿ ತುಕ್ಕಿಲ್ಲದ ನಟ್ಟು ಎಲ್ಲಿದೆ ಹೇಳಿ.

ಅಷ್ಟು ದೂರ ಹೋಗಲಾಗದವರಿಗೆ ಭಂಗಾರದ ಅಂಗಡಿಗಳಿವೆ. ಡೊಂಬಿವಲಿ ಎಂಐಡಿಸಿ, ಠಾಣೆಯ ವಾಗ್ಳೆ ಎಸ್ಟೇಟ್, ತುರ್ಭೆ, ರಬಾಳೆ: ಕಾರ್ಖಾನೆ ಇರುವಲ್ಲಿ ಹಳೆಯ ಹತಾರವೂ ಇರುತ್ತದೆ. ಬಾಯಿ ಅಗಲವಾದದ್ದು, ಸುತ್ತಿಗೆ ಏಟಿನ ಗುರುತಿದ್ದದ್ದು ಬೇಡ. ಹೊಸ ನಟ್ಟೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಹಾಕಿ ನೋಡಿ. ಅಲ್ಲಾಡಿದರೆ ಬಿಡಿ.

ಒಂದು ವಿಷಯದಲ್ಲಿ ಮಾತ್ರ ಕಾಕಾ ಚೌಕಾಶಿ ಮಾಡಲು ಬಿಡಲಿಲ್ಲ: ಜಾಕ್ ಸ್ಟ್ಯಾಂಡ್. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸುವುದಕ್ಕಷ್ಟೇ. ಅದೊಂದನ್ನೇ ನಂಬಿ ಗಾಡಿಯಡಿಗೆ ತಲೆ ಹಾಕಬಾರದು. "ಪಾನಾ ಮುರದರ ಬೆರಳ ಹೋಗತೈತಿ. ಇದು ಜಾರಿದರ?" ಎಂದು ನನ್ನ ಮುಖ ನೋಡಿದರು. ಹೊಸದೇ ಒಂದು ಜೋಡಿ ಕೊಂಡೆ. ಅದರ ಬೆಲೆ ಎಲ್ಲ ಪಾನಾಗಳಿಗಿಂತ ಹೆಚ್ಚು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಈಗ ಮಳೆಗಾಲಕ್ಕೆ ಮುಂಚೆ ಎಲ್ಲಕ್ಕೂ ಎಂಜಿನ್ ಆಯಿಲ್ ಸವರಿ, ಅಮ್ಮನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಡಿಕ್ಕಿಯಲ್ಲಿಡುತ್ತೇನೆ. ಬಟ್ಟೆ ಹರಿದುಕೊಟ್ಟವರು ಅಮ್ಮನೇ. ಕಾಕಾ ಅವರ 14ರ ರಿಂಗ್ ಪಾನಾ ಮಾತ್ರ ಇನ್ನೂ ನನ್ನ ಹತ್ತಿರವೇ ಉಳಿದಿದೆ. ಈ ಭಾನುವಾರ ಕೊಟ್ಟುಬರಬೇಕು.